ಏಣಿಯಿರುವ ಅಕ್ಷರ

ಉದ್ಯಮಬಾಗದ ಫೌಂಡ್ರಿಯಿಂದ ಬಂದ ಕಡತ,
ನಲವತ್ತೆರಡು ಪುಟ, ಪೂರ್ತಿ ಜಪಾನಿ.
ಪಂಪಿನ ಹೊಟ್ಟೆ, ಕವಾಟದ ಕುತ್ತಿಗೆ, ಎರಕದ ದಪ್ಪ.
ಒಂದಕ್ಷರ ಓದಲು ಬಾರದ ನಾನು
ಶುಕ್ರವಾರ ಕಂಟೇನರ್ ಹೊರಡುವ ಮೊದಲು
ಅಚ್ಚುಕಟ್ಟಾಗಿ ಜೋಡಿಸಿ ಕೊಡಬೇಕು.

ಮೊದಲ ಸಲ ಓಡಿಸಿದಾಗ ಪುಟದ ತುಂಬ
□ □ □ □
ಪ್ಲಾಟು ಹಾಕಿ ಯಾರೂ ಒಕ್ಕಲು ಬಾರದ
ಬಡಾವಣೆಯ ಹಾಗೆ.

ಬಾಬುರಾವ್ ಕಂಗ್ರಾಳಕರ್ ಬಾಗಿಲಲ್ಲೇ ನಿಂತು ನೋಡಿದರು.
ಖಡೇಬಜಾರಿನ ಛಾಪಖಾನೆಯಲ್ಲಿ ಮೂವತ್ತು ವರ್ಷ
ಸೀಸದ ಕನ್ನಡವನ್ನು ಉಲ್ಟಾ ಓದಿದ ಮರಾಠಿ ಕಣ್ಣು.
“ಲಾಟೆಕ್ ಅಂದ್ರ ಯಾವ ಕಂಪನಿ ಶಾಯಿ, ತಂಗಿ?”
ಶಾಯಿ ಅಲ್ರಿ ಕಾಕಾ. ಹಿಂದಕ್ಕೆ ವಾಲಿದ ಒಂದು ಗೀಟು ಹಾಕಿ
ಏನು ಬೇಕೋ ಬರದರ, ಮೊಳೆ ತಾನ ಜೋಡಿಸತದ.
“ಹಂಗಾರ ನನ್ನಂಗ. ಪಗಾರ ಎಷ್ಟು?”
ಪುಕ್ಕಟೆ ಅಂದೆ.
ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಫಾಂಟು ಬದಲಿಸಿದೆ. ಹರಾನೊ ಅಜಿ.
“ಯಾವ ಅಜ್ಜಿ?” ಎಂದು ಕುರ್ಚಿ ಎಳೆದುಕೊಂಡರು.
ಚೌಕಗಳಿಗೆ ಒಬ್ಬೊಬ್ಬರೇ ಒಕ್ಕಲು ಬಂದರು,
ಮನೆಗಳೆಲ್ಲ ಒಂದೇ ಅಳತೆ,
ಪದ ಪದದ ನಡುವೆ ಓಣಿಯೇ ಇಲ್ಲ.
ಪೂರ್ಣವಿರಾಮ ಸಾಲಿನ ತಲೆಗೆ ನಿಲ್ಲಕೂಡದು,
ಹಿಂದಿನ ಸಾಲು ಹೇಗಾದರೂ ಸರಿದು ಅದಕ್ಕೆ ಜಾಗ ಕೊಡಬೇಕು.
“ನಮ್ಮಲ್ಲೂ ಇತ್ತು. ಒತ್ತಕ್ಷರ ಮೂಲ ಬಿಟ್ಟು ಕೆಳಗ ಬಿದ್ರ
ಮಾಲಕರು ಬಾಯಿಗೆ ಬಂದಂಗ ಬೈತಿದ್ರು.”
ನಮ್ಮ ಅಕ್ಷರ ಮರಿಯನ್ನು ಕಾಲಬುಡದಲ್ಲಿ ಕೂಡಿಸಿಕೊಳ್ಳುತ್ತದೆ.
ಅವರದು ತನ್ನ ಉಚ್ಚಾರವನ್ನು ಹೆಗಲ ಮೇಲೆ ಹೊರುತ್ತದೆ,
ಸಣ್ಣ ಸಣ್ಣ ಅಕ್ಷರದಲ್ಲಿ,
ಗೊತ್ತಿಲ್ಲದವರು ಓದಿಕೊಳ್ಳಲಿ ಎಂದು.

ಜಪಾನಿಯ ಪಕ್ಕ ರೋಮನ್ ಬಂದಲ್ಲೆಲ್ಲ
ನಡುವೆ ಕಾಲು ಅಕ್ಷರದಷ್ಟು ಬಯಲು, ಕೇಳದೆಯೇ.
ತಿಕ್ಕಾಟವಿಲ್ಲ, ದೂರವೂ ಇಲ್ಲ.
ಬಾಬುರಾವ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.
“ನಮ್ಮ ಊರ ಬೋರ್ಡಿಗೆ ಈ ಕಾಲು ಜಾಗ
ಬಿಡಾಂವ ಯಾರು?”
ಮೂರನೇ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹಾಯುವವರೆಗೆ
ಇಬ್ಬರೂ ಸುಮ್ಮನಿದ್ದೆವು.

ಕೊನೆಯ ಪುಟದಲ್ಲಿ ಒಂದೇ ಒಂದು ಚೌಕ ಉಳಿಯಿತು.
ತಪಾಸಣೆ ಮಾಡಿದವರ ಹೆಸರು: ಟಾಕಾಯಾನಗಿ.
ಆ ಟಾಕಾ ಎರಡು ಥರ.
ಒಂದರ ನಡುವೆ ಬಾಯಿ. ಎಲ್ಲರೂ ಬರೆಯುವುದು ಅದನ್ನೇ.
ಇನ್ನೊಂದರ ನಡುವೆ ಏಣಿ, ಅದರ ಕಾಲು ನೆಲಕ್ಕೂ ತಾಗಿರುತ್ತದೆ.
ಇವರದು ಏಣಿ.
ಫೌಂಡ್ರಿಯ ಮ್ಯಾನೇಜರು ಫೋನಿನಲ್ಲಿ,
“ಬಾಯಿದ ಹಾಕ್ರಿ. ನಡೀತದ. ಯಾರು ನೋಡ್ತಾರ?”

ನಾನು ದಾನಮ್ಮ.
ರೇಶನ್ ಕಾರ್ಡಿನಲ್ಲಿ ಧಾನಮ್ಮ.
ಯಾರೋ ಗುಮಾಸ್ತ ಕಾರಣವಿಲ್ಲದೆ ಹೊಟ್ಟೆ ಸೀಳಿದ್ದಾನೆ.
ಅದೇ ಶಾಲೆಗೆ ಹೋಯಿತು, ಬ್ಯಾಂಕಿಗೆ ಹೋಯಿತು,
ಲಗ್ನಪತ್ರಿಕೆಗೂ ಬಂತು.
ಮೂವತ್ತೊಂದು ವರ್ಷ ನಡೀತದ, ನಡೀತದ.

ಒಂಬತ್ತು, ಎ, ಡಿ, ಒಂಬತ್ತು.
ಅಕ್ಷರದ ಮನೆ ನಂಬರು ಸಿಗುವಷ್ಟರಲ್ಲಿ ರಾತ್ರಿ ಎರಡೂವರೆ.
ಸಾಲು ಮೂರು ಪಾಯಿಂಟು ಹೊರಗೆ ಚಾಚಿದೆ ಎಂದು ಗೊಣಗಿತು.
ಚಾಚಲಿ.
ಮತ್ತೆ ಓಡಿಸಿದೆ, ಮತ್ತೊಮ್ಮೆ,
ಮತ್ತು ಆ ಮನುಷ್ಯನ ಹೆಸರಿನೊಳಗೆ
ಯಾರೋ ಗೋಡೆಗೆ ಒರಗಿಸಿಟ್ಟಂತೆ
ಏಣಿ ನಿಂತಿತ್ತು.

ಕಂಟೇನರ್ ಹೋಯಿತು. ಎಂಟು ದಿನಕ್ಕೆ ಉತ್ತರ:
ಹದಿನೇಳನೇ ಪುಟ, ಬೋಲ್ಟಿನ ತೂತು ಎರಡು ಮಿಲಿಮೀಟರ್ ಹೆಚ್ಚು,
ದಯವಿಟ್ಟು ಖಾತ್ರಿ ಮಾಡಿರಿ.
ಹೆಸರಿನ ಮಾತೇ ಇಲ್ಲ.
ಸರಿಯಿದ್ದ ಹೆಸರಿಗೆ ಯಾರು ಪತ್ರ ಬರೆಯುತ್ತಾರೆ?

ಇವತ್ತು ಆಹಾರ ಇಲಾಖೆಯ ಕಿಟಕಿಗೆ ನಿಂತಿದ್ದೇನೆ.
ಹುಡುಗ ಕಾರ್ಡು ತಿರುಗಿಸಿ ನೋಡಿ,
“ಇಷ್ಟಕ್ಕ ಬಂದ್ರೇನ್ರಿ? ಏನು ಫರಕ ಆಗ್ತದ?”
ಹಂಗಲ್ಲ ತಮ್ಮಾ, ಎಂದು ಶುರು ಮಾಡಿದೆ,
ಜಪಾನದಾಗ ಒಂದು ಏಣಿ ಐತಿ.
ನನ್ನ ಹಿಂದೆ ಸಾಲಿನಲ್ಲಿ ಹನ್ನೊಂದು ಮಂದಿ.